ಮಾದಪ್ಪನ ಕತೆ ವಿಆರ್ ಆಟವಾದರೆ ಹ್ಞೂಂ ಅನ್ನುವವರು ಯಾರು?

ಪ್ರಶ್ನೆ: ನಾವು ಮೂರು ಜನ ಗೆಳೆಯರು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ನಮ್ಮಮ್ಮನ ಊರು ಕೊಳ್ಳೇಗಾಲದ ಕಡೆ. ನಾನು ಚಿಕ್ಕವನಿದ್ದಾಗ ಕಂಸಾಳೆಯವರು ಮನೆ ಮುಂದೆ ಬಂದು ತಾಳ ಹಾಕಿ ಹಾಡುತ್ತಿದ್ದ ಮಲೆ ಮಾದೇಶ್ವರನ, ಅಂದರೆ ನಮ್ಮ ಮಾದಪ್ಪನ ಕತೆ ಇನ್ನೂ ಕಿವಿಯಲ್ಲಿದೆ. ಅದನ್ನು ವಿಆರ್ ಗೇಮ್ (ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ಆಡುವ ಆಟ) ಮಾಡಿ ಶಾಲೆ ಮಕ್ಕಳಿಗೆ ಮುಟ್ಟಿಸಬೇಕು ಅಂತ ಆಸೆ. ಆಟಗಾರನೇ ಮಾದಪ್ಪ ಆಗಿ, ಹುಲಿ ಏರಿ, ಎಪ್ಪತ್ತೇಳು ಮಲೆ ಸುತ್ತಿ, ಕೊನೆಗೆ ದುಷ್ಟ ದೊರೆ ಶ್ರವಣನನ್ನು ಕೊಲ್ಲುವ ಆಟ. ಕೈಯಲ್ಲಿ ಒಂದೇ ಹೆಡ್‌ಸೆಟ್ ಇದೆ, ದುಡ್ಡು ಜಾಸ್ತಿ ಇಲ್ಲ. ಎಲ್ಲಿಂದ ಶುರು ಮಾಡಬೇಕು? ಇದರಿಂದ ಯಾರಿಗಾದರೂ ಬೇಜಾರಾಗುತ್ತದಾ?

ಉತ್ತರ:

ಒಳ್ಳೆ ಆಸೆ. ಆದರೆ ನೀವು ಬರೆದ ಮೂರನ್ನೂ ಬಿಡಿ ಅಂತಲೇ ನಾನು ಶುರು ಮಾಡಬೇಕಾಗಿದೆ. ಆಟಗಾರ ಮಾದಪ್ಪ ಆಗುವುದು ಬೇಡ. ಹುಲಿ ಸವಾರಿ ಬೇಡ. ಶ್ರವಣನ ಜೊತೆ ಹೊಡೆದಾಟವೂ ಬೇಡ. ಓದುವುದನ್ನು ಇಲ್ಲಿಗೇ ನಿಲ್ಲಿಸಬೇಡಿ, ಬದಲಿಗೆ ಏನು ಮಾಡಬಹುದು ಅಂತಲೂ ಹೇಳುತ್ತೇನೆ.

ಹುಲಿಯಿಂದ ಶುರು ಮಾಡೋಣ, ಅದು ಸುಲಭ. ಹೆಡ್‌ಸೆಟ್ ಹಾಕಿಕೊಂಡವರು ಕುರ್ಚಿ ಮೇಲೆ ಅಲುಗಾಡದೆ ಕೂತಿರುತ್ತಾರೆ. ಕಣ್ಣಿಗೆ ಮಾತ್ರ ಹುಲಿ ಓಡುತ್ತಿದೆ, ಮರಗಳು ಹಿಂದೆ ಸರಿಯುತ್ತಿವೆ. ಕಣ್ಣು ‘ಓಡ್ತಾ ಇದೀನಿ’ ಅನ್ನುತ್ತದೆ. ಒಳಗಿವಿ ‘ಇಲ್ಲ, ಕೂತಿದೀನಿ’ ಅನ್ನುತ್ತದೆ. ಈ ಜಗಳದಲ್ಲಿ ಕೆಡುವುದು ಹೊಟ್ಟೆ. ಮಾದಪ್ಪನ ಬೆಟ್ಟದ ತಿರುವುಗಳಲ್ಲಿ ಬಸ್ಸಿನೊಳಗೆ ತಲೆ ತಗ್ಗಿಸಿ ಮೊಬೈಲ್ ನೋಡಿದರೆ ಆಗುವುದೂ ಇದೇ, ಅಲ್ಲಿ ಕಣ್ಣು ಕಿವಿ ಅದಲುಬದಲು ಅಷ್ಟೆ. ನಾನು ಒಮ್ಮೆ ಒಂದು ವಸ್ತುಪ್ರದರ್ಶನಕ್ಕೆ ಎತ್ತಿನ ಗಾಡಿ ಸವಾರಿ ಮಾಡಿದ್ದೆ. ಬಹಳ ಹೆಮ್ಮೆಯಿತ್ತು. ಎರಡನೇ ತಿರುವಿಗೇ ಒಬ್ಬ ಹುಡುಗ ಹೆಡ್‌ಸೆಟ್ ಕಿತ್ತು ನನ್ನ ಕೈಗೆ ಕೊಟ್ಟು ಹೊರಗೆ ಓಡಿದ. ಅವತ್ತಿನಿಂದ ನಾನು ಆಟಗಾರರನ್ನು ಯಾವುದರ ಮೇಲೂ ಕೂರಿಸಿ ಓಡಿಸುವುದಿಲ್ಲ.

ಹುಲಿ ಬೇಕೇ ಬೇಕು ಅಂದರೆ ಅದು ಬಂದು ಪಕ್ಕದಲ್ಲಿ ಕೂರಲಿ. ಸುಮ್ನೆ ಉಸಿರಾಡಲಿ. ವಿಆರ್‌ಗೆ ಇರುವ ನಿಜವಾದ ಬಲ ಅಳತೆಯದು. ಟಿವಿಯಲ್ಲಿ ಹುಲಿ ಎಷ್ಟು ದೊಡ್ಡದು ಅಂತ ಗೊತ್ತಾಗುವುದಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವರ ಪಕ್ಕ ಅದು ನಿಂತರೆ, ಅದರ ಮುಖ ಹೆಚ್ಚುಕಡಿಮೆ ನಿಮ್ಮ ಮುಖದ ಎತ್ತರಕ್ಕೇ ಬರುತ್ತದೆ. ಅಷ್ಟು ಸಾಕು. ಮಾದಪ್ಪನ ವಾಹನ ಹುಲಿ ಅಂತ ಸಾವಿರ ಸಲ ಕೇಳಿದವರಿಗೂ ಆಗ ಅದರ ಅರ್ಥ ಬೇರೆಯಾಗಿ ಹತ್ತುತ್ತದೆ.

ಈಗ ಮಾದಪ್ಪ ಆಗುವ ವಿಷಯ. ಬೇಜಾರು ಆಗುತ್ತದಾ ಅಂತ ಕೇಳಿದ್ದೀರಿ. ಆಗುತ್ತದೆ. ಕಂಸಾಳೆ ಹಿಡಿದು ಈ ಕತೆ ಹಾಡುವ ದೇವರಗುಡ್ಡರು ಸುಮ್ನೆ ಕಲಾವಿದರಲ್ಲ, ದೀಕ್ಷೆ ಪಡೆದವರು. ಅವರಿಗೆ ಮಾದಪ್ಪ ಒಂದು ಪಾತ್ರ ಅಲ್ಲ. ಗುಡ್ಡರು ಗಂಟೆಗಟ್ಟಲೆ ಹಾಡಿದರೂ ತಾವು ಮಾದಪ್ಪ ಆಗುವುದಿಲ್ಲ, ಅವನ ಕತೆ ಹೇಳುತ್ತಾರೆ. ಹೇಳುವವರೇ ಏರದ ಜಾಗಕ್ಕೆ ಒಂದು ಗುಂಡಿ ಒತ್ತಿದವರನ್ನು ಏರಿಸುವುದು ಹೇಗೆ?

ಭಕ್ತಿಯ ಮಾತು ಪಕ್ಕಕ್ಕಿಟ್ಟು ಬರೀ ಆಟದ ಲೆಕ್ಕದಲ್ಲಿ ನೋಡಿದರೂ ಇದು ಕೂಡುವುದಿಲ್ಲ. ಬಂಕಾಪುರಿಯ ಶ್ರವಣನನ್ನು ಮಾದಪ್ಪ ಗೆಲ್ಲುವುದು ಕತ್ತಿ ಬೀಸಿ ಅಲ್ಲ, ಹರಳಯ್ಯ ಹೊಲಿದ ಪಾದರಕ್ಷೆಯ ಉಪಾಯದಿಂದ. ಆ ಕತೆಯಲ್ಲಿ ಗೆಲುವಿನ ಅರ್ಧ ಪಾಲು ಚಪ್ಪಲಿ ಹೊಲಿದವನ ಕೈಯದು. ನೀವು ಅಲ್ಲಿ ಹೊಡೆದಾಟ ತುಂಬಿದರೆ ಹೆಸರು ಮಾತ್ರ ಶ್ರವಣ ಅಂತ ಉಳಿಯುತ್ತದೆ, ಆಟ ಯಾವ ದೇಶದ್ದಾದರೂ ಆಗಬಹುದು.

ಹಾಗಾದರೆ ಆಟಗಾರ ಯಾರು? ನನಗೆ ಇದಕ್ಕೆ ಉತ್ತರ ಸಿಕ್ಕಿದ್ದು ಒಂದು ರೆಕಾರ್ಡಿಂಗ್ ಕೋಣೆಯಲ್ಲಿ. ವಯಸ್ಸಾದ ಒಬ್ಬ ಗುಡ್ಡರನ್ನು ಕರೆಸಿದ್ದೆವು. ಗೋಡೆ ತುಂಬ ಫೋಮ್, ಎದುರಿಗೆ ಮೈಕು, ಕಿವಿಗೆ ಹೆಡ್‌ಫೋನ್. ಅವರು ಎರಡು ನಿಮಿಷ ಹಾಡಿ ನಿಲ್ಲಿಸಿದರು. ಮತ್ತೆ ಶುರು ಮಾಡಿ ಮತ್ತೆ ನಿಲ್ಲಿಸಿದರು. ಏನಾಯ್ತು ಯಜಮಾನ್ರೇ ಅಂದೆ. ‘ಯಾರೂ ಹ್ಞೂಂ ಅನ್ನಾಕಿಲ್ವಲ್ಲ ಸ್ವಾಮಿ, ಯಾರ್ಗೆ ಹೇಳನೆ?’ ಅಂದರು. ನಾನು ಒಳಗೆ ಹೋಗಿ ನೆಲದ ಮೇಲೆ ಕೂತೆ. ಅವರು ಸಾಲು ಮುಗಿಸಿದಾಗೆಲ್ಲ ಹ್ಞೂಂ ಅಂದೆ. ಕತೆ ಒಂದು ಗಂಟೆ ನಿಲ್ಲಲಿಲ್ಲ. ಸೌಂಡ್ ಎಂಜಿನಿಯರ್ ಮಾತ್ರ ನನ್ನ ಹ್ಞೂಂ ಎಲ್ಲ ಟ್ರ್ಯಾಕಿನಲ್ಲಿ ಸೇರಿಹೋಯಿತು ಅಂತ ತಲೆ ಚಚ್ಚಿಕೊಂಡರು.

ನಮ್ಮಲ್ಲಿ ಹೂಂಗುಟ್ಟುವುದು ಅನ್ನುವುದು ಒಂದು ಕೆಲಸ. ಅಜ್ಜಿ ಕತೆ ಹೇಳುವಾಗ ಮೊಮ್ಮಗು ಹ್ಞೂಂ ಅನ್ನದಿದ್ದರೆ ಮಲಗಿತು ಅಂತ ಕತೆ ನಿಲ್ಲಿಸುತ್ತಿದ್ದಳು. ಕೇಳುಗನೂ ಕತೆಯ ಒಂದು ಚಕ್ರ. ಪುಸ್ತಕ ಅದನ್ನು ಕೇಳಲಿಲ್ಲ, ರೇಡಿಯೋ ಕೇಳಲಿಲ್ಲ, ಟಿವಿ ಅಂತೂ ಕೇಳಲೇ ಇಲ್ಲ. ವಿಆರ್ ಹೆಡ್‌ಸೆಟ್‌ಗೆ ಮೈಕ್ ಇದೆ. ಅದು ಕೇಳಬಹುದು!

ನಿಮ್ಮ ಆಟಗಾರ ಹೂಂಗುಟ್ಟುವವನು ಆಗಲಿ. ಗುಡ್ಡರು ಎದುರಿಗೆ ಕೂತು ಹೇಳುತ್ತಾರೆ. ಸಾಲು ಮುಗಿದಾಗ ಹ್ಞೂಂ ಅಂದರೆ ಕತೆ ಮುಂದೆ ಸಾಗುತ್ತದೆ. ಅನ್ನದಿದ್ದರೆ ಅವರು ನಿಧಾನ ಆಗುತ್ತಾರೆ, ನಿಮ್ಮ ಕಡೆ ನೋಡುತ್ತಾರೆ, ‘ಕೇಳ್ತಾ ಇದ್ದೀಯಾ ಮಗ?’ ಅನ್ನುತ್ತಾರೆ. ಇದಕ್ಕೆ ಕನ್ನಡ ಮಾತು ಗುರುತಿಸುವ ದೊಡ್ಡ ತಂತ್ರಜ್ಞಾನ ಬೇಡ. ಸಾಲು ಮುಗಿದ ಒಂದೆರಡು ಸೆಕೆಂಡಿನೊಳಗೆ ಒಂದು ಚಿಕ್ಕ ದನಿ ಬಂತಾ ಇಲ್ಲವಾ, ಇಷ್ಟೇ ನೋಡಿದರೆ ಸಾಕು. ಮೂವರಲ್ಲಿ ಒಬ್ಬರು ಒಂದು ಸಂಜೆ ಕೂತರೆ ಆಗುವ ಕೆಲಸ. ದನಿಯನ್ನು ಎಲ್ಲೂ ಉಳಿಸಿಡಬೇಡಿ, ಹೆಡ್‌ಸೆಟ್‌ನಲ್ಲೇ ನೋಡಿ ಅಲ್ಲೇ ಬಿಟ್ಟುಬಿಡಿ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಕಾಯ್ದೆಯಲ್ಲಿ 18 ವರ್ಷದ ಒಳಗಿನವರ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಬೇಕು. ಸುಮ್ನೆ ಯಾಕೆ ಆ ರಗಳೆ?

ಇದರಿಂದ ಇನ್ನೊಂದು ಲಾಭ ಇದೆ. ಕತೆ ಕೇಳುವವರು ನೆಲದ ಮೇಲೆ ಕೂರುತ್ತಾರೆ. ವಿಆರ್‌ಗೆ ಅದಕ್ಕಿಂತ ಒಳ್ಳೆ ಭಂಗಿ ಇಲ್ಲ. ಬೀಳುವ ಭಯ ಇಲ್ಲ, ಗೋಡೆಗೆ ಗುದ್ದುವ ಭಯ ಇಲ್ಲ, ವಾಂತಿ ಇಲ್ಲ. ರೆಕಾರ್ಡ್ ಮಾಡುವಾಗ 360 ಡಿಗ್ರಿ ಕ್ಯಾಮೆರಾ ಇಟ್ಟರೆ ಅದನ್ನೂ ಕೂತವರ ಕಣ್ಣಿನ ಎತ್ತರಕ್ಕೇ ಇಡಿ. ಎಲ್ಲರೂ ನಿಂತವರ ಎತ್ತರಕ್ಕೆ ಸ್ಟ್ಯಾಂಡ್ ಏರಿಸುತ್ತಾರೆ. ಆಮೇಲೆ ನೋಡಿದರೆ ಕೂತು ಹಾಡುವ ಹಿರಿಯರನ್ನು ಮೇಲಿಂದ ಕೆಳಗೆ ನೋಡಿದ ಹಾಗೆ ಇರುತ್ತದೆ. ಅದು ಚೆನ್ನಾಗಿರಲ್ಲ.

ಈಗ ಯಾವ ಭಾಗ ತೆಗೆದುಕೊಳ್ಳಬೇಕು ಅನ್ನುವ ಮಾತು. ನಾನಾದರೆ ಶ್ರವಣನನ್ನು ಬಿಟ್ಟು ಸಂಕಮ್ಮನ ಸಾಲು, ಅಂದರೆ ಅವಳ ಕತೆಯ ಭಾಗ ಹಿಡಿಯುತ್ತೇನೆ. ನಿಮಗೆ ಕತೆ ಗೊತ್ತಿರುತ್ತದೆ, ಓದುವ ಬೇರೆಯವರಿಗಾಗಿ ಎರಡು ಮಾತು. ಸಂಕಮ್ಮನ ಗಂಡ ನೀಲೇಗೌಡ ಹೆಜ್ಜೇನು ಕೀಳಲು ಮಲೆಗೆ ಹೊರಡುತ್ತಾನೆ. ಹೋಗುವ ಮೊದಲು, ತಾನು ಇಲ್ಲದಾಗ ಪತಿವ್ರತೆಯಾಗಿ ಇರುತ್ತೇನೆ ಅಂತ ಬಲಗೈ ಭಾಷೆ ಕೊಡು ಅನ್ನುತ್ತಾನೆ. ಸಂಕಮ್ಮ ಕೊಡುವುದಿಲ್ಲ. ತಪ್ಪು ಮಾಡುವ ಉದ್ದೇಶ ಇದೆ ಅಂತಲ್ಲ. ನಂಬಿಕೆ ಇದ್ದರೆ ಭಾಷೆ ಯಾಕೆ ಅನ್ನುವ ಛಲ. ಗಂಡ ಬಹಳ ಹಿಂಸೆ ಕೊಟ್ಟು, ಕಾಡಿನಲ್ಲಿ ಒಬ್ಬಳನ್ನೇ ಬಿಟ್ಟು ಹೋಗುತ್ತಾನೆ. ಅಲ್ಲಿಗೆ ಮಾದಪ್ಪ ಬರುತ್ತಾನೆ. ಕಾರಯ್ಯ, ಬಿಲ್ಲಯ್ಯ ಅನ್ನುವ ಇಬ್ಬರು ಮಕ್ಕಳ ವರ ಕೊಡುತ್ತಾನೆ.

ಇದನ್ನೇ ಯಾಕೆ ಅಂದರೆ, ವಿಆರ್‌ನಲ್ಲಿ ಮನುಷ್ಯನಿಗೆ ಉಳಿಯುವುದು ಕೈ ಮಾತ್ರ. ರೆಕಾರ್ಡಿಂಗ್‌ಗೆ ಬಂದಿದ್ದ ಅದೇ ಗುಡ್ಡರಿಗೆ ಆಮೇಲೆ ಹೆಡ್‌ಸೆಟ್ ಹಾಕಿದ್ದೆವು. ಅವರು ಬೆಟ್ಟ ನೋಡಲಿಲ್ಲ, ಆಕಾಶ ನೋಡಲಿಲ್ಲ. ತಲೆ ಬಗ್ಗಿಸಿ ‘ನನ್ ಮೈ ಎಲ್ಲೋಯ್ತು?’ ಅಂದರು. ಮೈ ಇರಲಿಲ್ಲ, ತೇಲುವ ಎರಡು ಕೈ ಮಾತ್ರ ಇದ್ದವು. ಹೆಚ್ಚಿನ ವಿಆರ್ ಆಟಗಳು ಹೀಗೇ ಇರುತ್ತವೆ. ಹೆಡ್‌ಸೆಟ್‌ಗೆ ತಲೆ ಎಲ್ಲಿದೆ, ಕೈ ಎಲ್ಲಿದೆ ಅಂತ ಗೊತ್ತು, ಉಳಿದ ಮೈ ಬರೀ ಊಹೆ. ಸಂಕಮ್ಮನ ಕತೆ ನಿಂತಿರುವುದೂ ಒಂದು ಬಲಗೈ ಮೇಲೆ.

ಆ ದೃಶ್ಯ ಹೀಗೆ ಮಾಡಿ ನೋಡಿ. ಕತೆ ಕೇಳುತ್ತಾ ಕೂತ ಆಟಗಾರರ ಮುಂದೆ ಕತ್ತಲಾಗುತ್ತದೆ. ಎದುರಿಗೆ ಒಂದು ಕೈ ಚಾಚಿಕೊಂಡು ಬರುತ್ತದೆ. ‘ಬಲಗೈ ಭಾಷೆ ಕೊಡು’ ಅನ್ನುವ ದನಿ. ಆಟಗಾರರ ಬಲಗೈಯ ಕಂಟ್ರೋಲರ್ (ಗುಂಡಿಗಳಿರುವ ಹಿಡಿಕೆ) ಅದುರಲು ಶುರುವಾಗುತ್ತದೆ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಗೇಮ್ ಆಡಿ ಅಭ್ಯಾಸ ಇರುವವರ ಕೈ ತಾನಾಗಿಯೇ ಮುಂದೆ ಹೋಗುತ್ತದೆ, ಯಾಕೆಂದರೆ ಎಲ್ಲ ಗೇಮ್ ಕಲಿಸಿರುವುದು ಅದನ್ನೇ. ಏನೋ ಕಾಣಿಸಿದರೆ ಮುಟ್ಟು, ಹೊಳೆದರೆ ಒತ್ತು. ಇಲ್ಲಿ ಮುಟ್ಟಬಾರದು. ಕೈಯನ್ನು ಮಡಿಲಲ್ಲೇ ಇಟ್ಟುಕೊಂಡು ಕೂರಬೇಕು. ಮೂವತ್ತು ಸೆಕೆಂಡ್ ಇಡಿ. ವಿಆರ್‌ನಲ್ಲಿ ಮೂವತ್ತು ಸೆಕೆಂಡ್ ಬಹಳ ದೊಡ್ಡದು.

ಕೈ ಚಾಚಿಬಿಟ್ಟರೆ? ‘ಸೋತಿರಿ’ ಅಂತ ಬೋರ್ಡ್ ಹಾಕಬೇಡಿ. ಹಾಡುವವರು ನಿಲ್ಲಿಸಿ, ‘ನಮ್ಮ ಸಂಕಮ್ಮ ಕೊಡಲಿಲ್ಲ ಕಣಪ್ಪ’ ಅಂತ ಹೇಳಿ ಸಾಲನ್ನು ಮತ್ತೆ ಎತ್ತಿಕೊಳ್ಳಲಿ. ಕತೆಯನ್ನು ಆಟಗಾರರ ಇಷ್ಟಕ್ಕೆ ತಿರುಗಿಸಬೇಡಿ. ಪುಣ್ಯಕೋಟಿ ಹುಲಿ ಹತ್ತಿರ ವಾಪಸ್ ಹೋಗದೆ ಇರುವ ಆಯ್ಕೆ ಕೊಟ್ಟರೆ ಅದು ಪುಣ್ಯಕೋಟಿ ಕತೆ ಆಗುತ್ತದಾ? ಇದೂ ಹಾಗೆ.

ಗಂಡ ಕೊಡುವ ಹಿಂಸೆಯನ್ನು ತೋರಿಸಲೇಬೇಡಿ. ಹಾಡಿನಲ್ಲಿ ಕೇಳುವುದು ಬೇರೆ, ಒಂದು ಅಡಿ ದೂರದಲ್ಲಿ ನೋಡುವುದು ಬೇರೆ. ಕತ್ತಲಲ್ಲಿ ದನಿ ಮಾತ್ರ ಇರಲಿ. ಮಕ್ಕಳಿಗೆ ಮಾಡುವುದಾದರೆ ಅದನ್ನೂ ಎರಡು ಸಾಲಿಗೆ ಇಳಿಸಿ.

ಎಪ್ಪತ್ತೇಳು ಮಲೆಯ ಬಗ್ಗೆ. ನಿಮ್ಮ ಹತ್ತಿರ ದುಡ್ಡಿಲ್ಲ ಅಂದಿರಿ. ದುಡ್ಡಿದ್ದರೂ ಇದು ಕಷ್ಟ. ಮೆಟಾ ಕಂಪನಿಯ ಕ್ವೆಸ್ಟ್ ತರಹದ ಹೆಡ್‌ಸೆಟ್‌ನೊಳಗೆ ಇರುವುದು ಮೊಬೈಲ್ ಜಾತಿಯ ಚಿಪ್. ಸೆಕೆಂಡಿಗೆ ಕನಿಷ್ಠ 72 ಚಿತ್ರ ಬೇಕು, ಅದೂ ಎರಡು ಕಣ್ಣಿಗೆ ಬೇರೆ ಬೇರೆ. ಒಂದು ಚಿತ್ರಕ್ಕೆ ಸಿಗುವ ಸಮಯ 14 ಮಿಲಿಸೆಕೆಂಡ್ ಕೂಡ ಇಲ್ಲ. ಇಂಥ ಚಿಪ್‌ಗೆ ಎಲೆಗಳಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ. ಒಂದರ ಹಿಂದೆ ಒಂದು ಬರುವ, ಅಂಚು ಪಾರದರ್ಶಕವಾದ ಸಾವಿರಾರು ಎಲೆಗಳನ್ನು ಬಿಡಿಸುತ್ತಾ ಹೋದರೆ ಅದು ಸುಸ್ತಾಗುತ್ತದೆ, ಚಿತ್ರ ಎಗರುತ್ತದೆ, ಮತ್ತೆ ತಲೆಸುತ್ತು. ಕಾಡು ಕಟ್ಟಲು ಹೋದ ಎಷ್ಟೋ ವಿಆರ್ ಆಟಗಳು ಕಾಡಿನಲ್ಲೇ ಉಳಿದುಹೋಗಿವೆ.

ಹಾಡನ್ನೇ ಕೇಳಿ. ಅಲ್ಲಿ ಕಾಡನ್ನು ಹೇಗೆ ಕಟ್ಟುತ್ತಾರೆ? ಹೆಸರು ಹೇಳುತ್ತಾ ಕಟ್ಟುತ್ತಾರೆ. ಆನೆಮಲೆ, ಜೇನುಮಲೆ, ಕಾನುಮಲೆ, ಪೊನ್ನಾಚಿಮಲೆ. ಒಂದೊಂದು ಹೆಸರು ಬಿದ್ದಂತೆ ಒಂದೊಂದು ಬೆಟ್ಟ ಎದ್ದು ನಿಲ್ಲುತ್ತದೆ. ನೀವೂ ಹಾಗೇ ಮಾಡಿ. ಸುತ್ತ ಕತ್ತಲು, ಹೆಸರು ಬಂದಾಗ ದೂರದಲ್ಲಿ ಆ ಬೆಟ್ಟದ ಬರೀ ಅಂಚು. ಹೆಸರು ಬಂದ ಕಡೆಯಿಂದ ಅದರ ಸದ್ದು. ಜೇನುಮಲೆಗೆ ಹೆಜ್ಜೇನಿನ ಗುಂಯ್. ಚಿಪ್‌ಗೂ ಭಾರ ಇಲ್ಲ, ಹಾಡಿಗೂ ಮೋಸ ಇಲ್ಲ.

ಇಲ್ಲಿ ಒಂದು ಆಸೆ ಹುಟ್ಟುತ್ತದೆ. ಪಾತ್ರಗಳನ್ನು ತೊಗಲುಗೊಂಬೆ ತರಹ ಮಾಡಿದರೆ ಖರ್ಚು ಕಡಿಮೆ, ನೋಡಲೂ ಚಂದ. ನನಗೂ ಬಂದಿತ್ತು. ಆದರೆ ತೊಗಲುಗೊಂಬೆಯವರು ಹೆಚ್ಚಾಗಿ ಆಡುವುದು ರಾಮಾಯಣ, ಮಹಾಭಾರತ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರಿಗೂ ಆ ಗೊಂಬೆಗಳು ನೆನಪಾದವು. ಅದು ಬೇರೆ ಮನೆ, ಇದು ಬೇರೆ ಮನೆ. ಚಂದ ಕಾಣುತ್ತದೆ ಅಂತ ಒಂದರ ಬಟ್ಟೆ ಇನ್ನೊಂದಕ್ಕೆ ತೊಡಿಸಿದರೆ ಮಕ್ಕಳು ‘ಕರ್ನಾಟಕದ ಜಾನಪದ’ ಅಂತ ಒಂದು ಕಲಸುಮೇಲೋಗರ ಕಲಿಯುತ್ತಾರೆ. ರಾಮಾಯಣದ ಆಟ ಮಾಡುವ ದಿನ ಗೊಂಬೆಯವರ ಹತ್ತಿರ ಹೋಗಿ.

ಕಂಸಾಳೆಯ ಬಗ್ಗೆ ನೀವು ಕೇಳಿಲ್ಲ, ಆದರೆ ಎರಡು ಕಂಟ್ರೋಲರ್ ನೋಡಿದ ತಕ್ಷಣ ನಿಮಗೆ ಅದು ಹೊಳೆದೇ ಹೊಳೆಯುತ್ತದೆ. ಒಂದು ಕೈಯಲ್ಲಿ ಬಟ್ಟಲಿನಂಥ ತಾಳ, ಇನ್ನೊಂದು ಕೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ಕೂತು ನುಡಿಸುವ ಕಂಸಾಳೆ ವಿಆರ್‌ನಲ್ಲಿ ಚೆನ್ನಾಗಿ ಬರುತ್ತದೆ. ಕುಣಿಯುತ್ತಾ ತಾಳ ಬೀಸುವ ಬೀಸು ಕಂಸಾಳೆ ಬರುವುದಿಲ್ಲ. ಕಾರಣ ಸರಳ. ಕಂಟ್ರೋಲರ್ ಎಲ್ಲಿದೆ ಅಂತ ನೋಡುವುದು ಹೆಡ್‌ಸೆಟ್‌ನ ಮುಂಭಾಗದ ಕ್ಯಾಮೆರಾಗಳು. ಬೀಸು ಕಂಸಾಳೆಯಲ್ಲಿ ಕೈ ತಲೆ ಹಿಂದೆ ಹೋಗುತ್ತದೆ, ಬೆನ್ನ ಹಿಂದೆ ಹೋಗುತ್ತದೆ, ಕಾಲ ಕೆಳಗೆ ಹೋಗುತ್ತದೆ. ಕ್ಯಾಮೆರಾ ಕಣ್ಣಿಂದ ಮರೆಯಾದ ಕೈಯನ್ನು ಹೆಡ್‌ಸೆಟ್ ಸ್ವಲ್ಪ ಹೊತ್ತು ಊಹಿಸುತ್ತದೆ, ಆಮೇಲೆ ಕೈಬಿಡುತ್ತದೆ. ಜೊತೆಗೆ ಪ್ಲಾಸ್ಟಿಕ್ ಕಂಟ್ರೋಲರ್‌ಗಳನ್ನು ಒಂದಕ್ಕೊಂದು ತಾಡಿಸಿದರೆ ಒಂದು ವಾರದಲ್ಲಿ ಹೊಸದು ತರಬೇಕು. ಹಾಗಾಗಿ ತಾಳಗಳನ್ನು ಆಟದಲ್ಲಿ ಕೈಗಿಂತ ಸ್ವಲ್ಪ ಮುಂದಕ್ಕೆ ಇಡಿ, ನಿಜವಾದ ಕೈಗಳ ನಡುವೆ ಒಂದು ಗೇಣು ಉಳಿದಿರುವಾಗಲೇ ಸದ್ದು ಬರಲಿ. ಬ್ಲೂಟೂತ್ ಇಯರ್‌ಫೋನ್ ಬೇಡವೇ ಬೇಡ, ತಾಳ ತಡವಾಗಿ ಕೇಳುತ್ತದೆ. ಹೆಡ್‌ಸೆಟ್‌ನದೇ ಸ್ಪೀಕರ್ ಸಾಕು. ಅಂಕ, ಕಾಂಬೊ, ಪಟಾಕಿ ಯಾವುದೂ ಬೇಡ. ಕಂಸಾಳೆಯನ್ನು ಆಟದಲ್ಲಿ ಆಟಗಾರರ ಕೈಗೆ ಕೊಡಬಹುದಾ ಅಂತಲೇ ಮೊದಲು ಗುಡ್ಡರನ್ನು ಕೇಳಿ. ಬೇಡ ಅಂದರೆ ಬಿಡಿ.

ಕೇಳುವುದು ಅಂದೆ. ಇದು ನಿಮ್ಮ ಪ್ರಶ್ನೆಯ ಕೊನೆ ಭಾಗ, ಆದರೆ ಕೆಲಸದಲ್ಲಿ ಮೊದಲ ಭಾಗ. ಅಲಾಸ್ಕಾದ ಇನ್ಯುಪಿಯಾಟ್ ಜನರ ಕತೆಯಿಂದ ‘ನೆವರ್ ಅಲೋನ್’ ಅನ್ನುವ ಆಟ 2014ರಲ್ಲಿ ಬಂತು. ವಿಆರ್ ಅಲ್ಲ, ಮಾಮೂಲಿ ಪರದೆಯ ಆಟ. ಅಲ್ಲಿ ಗೇಮ್ ಕಂಪನಿ ಜನರ ಹತ್ತಿರ ಹೋಗಲಿಲ್ಲ, ಕುಕ್ ಇನ್ಲೆಟ್ ಟ್ರೈಬಲ್ ಕೌನ್ಸಿಲ್ ಅನ್ನುವ ಅಲಾಸ್ಕಾದ ಮೂಲನಿವಾಸಿಗಳದೇ ಸಂಸ್ಥೆ ಗೇಮ್ ಮಾಡುವವರ ಹತ್ತಿರ ಹೋಯಿತು. ಆ ಕತೆಯನ್ನು ರಾಬರ್ಟ್ ನಸ್ರುಕ್ ಕ್ಲೀವ್‌ಲ್ಯಾಂಡ್ ಅನ್ನುವ ಹಿರಿಯರು ಹೇಳುತ್ತಿದ್ದರು. ಅವರ ಮಗಳನ್ನು ಹುಡುಕಿ, ಕೇಳಿ, ಒಪ್ಪಿಗೆ ಪಡೆದು ಮುಂದೆ ಹೋದರು. ಮೂಲದಲ್ಲಿ ಹುಡುಗ ಇದ್ದದ್ದು ಆಟದಲ್ಲಿ ಹುಡುಗಿಯಾಯಿತು. ಕತೆ ಹೇಳುವ ದನಿ ಇನ್ಯುಪಿಯಾಕ್ ಭಾಷೆಯಲ್ಲೇ ಇದೆ, ಕೆಳಗೆ ಬೇರೆ ಭಾಷೆಯ ಸಾಲು. ನೋಡಿ, ಅವರು ಕತೆಯನ್ನು ಬದಲಿಸಲೇ ಇಲ್ಲ ಅಂತೇನಿಲ್ಲ. ಕೇಳಿ ಬದಲಿಸಿದರು.

ನೀವು ಕೇಳಬೇಕಾದವರು ಎರಡು ಕಡೆ ಇದ್ದಾರೆ. ಹಾಡುವ ಗುಡ್ಡರು ಒಂದು ಕಡೆ. ಇನ್ನೊಂದು ಕಡೆ ಆ ಮಲೆಗಳ ಆದಿವಾಸಿಗಳಾದ ಸೋಲಿಗರು. ಸೋಲಿಗರಲ್ಲಿ ಅನೇಕರು ಕಾರಯ್ಯನನ್ನು ತಮ್ಮ ಮೂಲಪುರುಷ ಅಂತ ನಂಬುತ್ತಾರೆ. ಸಂಕಮ್ಮ ಅವರಿಗೆ ಕತೆಯ ಪಾತ್ರ ಮಾತ್ರ ಅಲ್ಲ, ಮನೆಯ ಹೆಣ್ಣುಮಗಳು. ನೀಲೇಗೌಡನನ್ನು ನೀವು ಹೇಗೆ ತೋರಿಸುತ್ತೀರಿ ಅನ್ನುವುದು ಅವರಿಗೆ ನೋವಾಗಬಹುದು, ಆಗದೆಯೂ ಇರಬಹುದು. ಬೆಂಗಳೂರಲ್ಲಿ ಕೂತು ನೀವೂ ನಾನೂ ತೀರ್ಮಾನ ಮಾಡುವ ವಿಷಯ ಅಲ್ಲ.

ಕಾನೂನು ಕೂಡ ತಿಳಿದಿರಲಿ. ‘ಜಾನಪದಕ್ಕೆ ಯಾರೂ ಒಡೆಯರಿಲ್ಲ’ ಅಂತ ಹೇಳಿ ನುಣುಚಿಕೊಳ್ಳುವವರು ಬಹಳ. ಕತೆಗೆ ಒಡೆಯರಿಲ್ಲ, ಹಾಡಿದವರ ಹಾಡಿಕೆಗೆ ಇದ್ದಾರೆ. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 38ನೇ ಸೆಕ್ಷನ್ ಪ್ರಕಾರ ಪ್ರದರ್ಶನ ಕೊಟ್ಟವರಿಗೆ 50 ವರ್ಷ ಹಕ್ಕು ಇರುತ್ತದೆ. ವಿದ್ವಾಂಸರು ಸಂಗ್ರಹಿಸಿ ಅಚ್ಚು ಹಾಕಿಸಿದ ಪಠ್ಯದಿಂದ ಸಾಲುಗಳನ್ನು ಎತ್ತಿದರೆ ಅವರನ್ನೂ ಕೇಳಬೇಕು. ಗುಡ್ಡರ ಜೊತೆ ಕನ್ನಡದಲ್ಲಿ ಒಂದು ಪುಟದ ಒಪ್ಪಂದ ಮಾಡಿಕೊಳ್ಳಿ. ಓದಲು ಬರದಿದ್ದರೆ ಓದಿ ಹೇಳಿ, ಅದನ್ನೂ ರೆಕಾರ್ಡ್ ಮಾಡಿ. ದುಡ್ಡು ಮೊದಲೇ ಕೊಡಿ. ಆಟ ಮಾರಾಟ ಆದರೆ ಪಾಲು ಎಷ್ಟು ಅಂತಲೂ ಬರೆಯಿರಿ. ಗೆಳೆಯರ ಹತ್ತಿರ ದುಡ್ಡಿಲ್ಲ ಅಂತ ಹಾಡುವವರಿಗೆ ಬಿಟ್ಟಿ ಕೆಲಸ ಹೇಳಬೇಡಿ.

ಇದೇ ಮಾತಿಗೆ ಸೇರಿದ್ದು ಇನ್ನೊಂದು. ಇದು ಮುಗಿದ ಮೇಲೆ ಭೂತಕೋಲದ ಆಟ ಮಾಡೋಣ ಅಂತ ನಿಮಗೆ ಯಾರಾದರೂ ಹೇಳುತ್ತಾರೆ. ಎಲ್ಲರಿಗೂ ಹೇಳುತ್ತಾರೆ. ದೈವದ ವೇಷವನ್ನು, ಆವೇಶವನ್ನು ಅನುಕರಣೆ ಮಾಡಬೇಡಿ ಅಂತ ತುಳುನಾಡಿನವರು ಮತ್ತೆ ಮತ್ತೆ ಹೇಳುತ್ತಲೇ ಇದ್ದಾರೆ. ಮಾಡಬೇಡಿ. ಭತ್ತದ ನೇಜಿ ನೆಡುವಾಗ ಹೆಂಗಸರು ಹಾಡುವ ಪಾಡ್ದನ ಅನ್ನುವ ತುಳು ಹಾಡು ಇದೆ, ಅದನ್ನು ಕೇಳಿಸಬಹುದಾ ಅಂತ ಅವರನ್ನು ಕೇಳಬಹುದು.

ಶಾಲೆಗೆ ಬರೋಣ. ಯಾವ ತರಗತಿ ಅಂತ ನೀವು ಬರೆದಿಲ್ಲ. ಮೆಟಾ ಕಂಪನಿಯ ಕ್ವೆಸ್ಟ್‌ಗೆ ಕನಿಷ್ಠ ವಯಸ್ಸು 10. ಮೊದಲು 13 ಇತ್ತು, 2023ರಲ್ಲಿ ತಂದೆತಾಯಿ ನೋಡಿಕೊಳ್ಳುವ ಖಾತೆ ಇದ್ದರೆ 10 ಅಂತ ಇಳಿಸಿದರು. ಅಂದರೆ ಹತ್ತು ತುಂಬದ ಮಕ್ಕಳಿಗೆ ಬೇಡ. ಅರ್ಧ ಕಿಲೋ ತೂಕ ಚಿಕ್ಕ ಕತ್ತಿಗೆ ಭಾರ. ಚಿಕ್ಕ ಮಕ್ಕಳ ಎರಡು ಕಣ್ಣಿನ ನಡುವಿನ ಅಂತರವೂ ಕಡಿಮೆ. ಕ್ವೆಸ್ಟ್ 2ರಲ್ಲಿ ಲೆನ್ಸ್ ಅಂತರ 58, 63, 68 ಮಿಲಿಮೀಟರ್ ಅಂತ ಮೂರೇ. ಹೊಂದದಿದ್ದರೆ ಚಿತ್ರ ಮಸುಕು, ತಲೆನೋವು.

ಒಂದು ಹೆಡ್‌ಸೆಟ್, 40 ಮಕ್ಕಳು. ಒಬ್ಬರಿಗೆ ಹತ್ತು ನಿಮಿಷ ಅಂದರೂ ಆರೂವರೆ ಗಂಟೆ ದಾಟುತ್ತದೆ. ಉಳಿದ 39 ಜನ ಏನು ಮಾಡುತ್ತಾರೆ? ಗಲಾಟೆ. ಇದಕ್ಕೂ ಹ್ಞೂಂ ಕೈ ಹಿಡಿಯುತ್ತದೆ. ಹೆಡ್‌ಸೆಟ್‌ನಲ್ಲಿ ಕಾಣುವುದನ್ನು ಟಿವಿಗೆ ಹಾಕಿ. ಕ್ಲಾಸೆಲ್ಲ ಸುತ್ತ ಕೂತು ಒಟ್ಟಿಗೆ ಹ್ಞೂಂ ಅನ್ನಲಿ. ಕಂಸಾಳೆಯವರಿಗೆ ಹಿಮ್ಮೇಳ ಇರುತ್ತದಲ್ಲ, ಹಾಗೆ. ಹೆಡ್‌ಸೆಟ್ ಹಾಕಿದ ಮಗುವಿಗೆ ಕತ್ತಲ ಕಾಡಿನಲ್ಲಿ ಸುತ್ತಲೂ ಗೆಳೆಯರ ದನಿ ಕೇಳುತ್ತದೆ. ಮುಖಕ್ಕೆ, ತಲೆಗೆ ತಾಗುವ ಭಾಗಗಳನ್ನು ಪ್ರತಿ ಸಲ ಒರೆಸಿ, ಹೇನಿನ ಕಾಟ ಬೇಡ.

ಎಂಜಿನ್, ಅಂದರೆ ಆಟ ಕಟ್ಟುವ ತಂತ್ರಾಂಶ, ಯಾವುದಾದರೂ ಸರಿ. ಒಂದೇ ಎಚ್ಚರಿಕೆ. ಯೂನಿಟಿ ಅನ್ನುವ ಎಂಜಿನ್‌ನಲ್ಲಿ ಅಕ್ಷರ ತೋರಿಸಲು ಎಲ್ಲರೂ ಬಳಸುವ ಟೆಕ್ಸ್ಟ್‌ಮೆಶ್ ಪ್ರೊ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಕೂಡಿಸುವುದಿಲ್ಲ. ‘ಸಂಕಮ್ಮ’ ಅಂತ ಬರೆದರೆ ಮಕಾರದ ಒತ್ತು ಎಲ್ಲೋ ಬಿದ್ದಿರುತ್ತದೆ. ಗೋಡೋ 4 ಅನ್ನುವ ಎಂಜಿನ್‌ನಲ್ಲಿ ಸರಿಯಾಗಿ ಬರುತ್ತದೆ, ಬಿಟ್ಟಿಯೂ ಹೌದು. ಆದರೆ ನಿಮ್ಮ ಆಟದಲ್ಲಿ ಬರಹ ಇರಲೇಬೇಕಾ? ಹಾಡುವವರ ಚಾಮರಾಜನಗರದ ಕನ್ನಡವನ್ನು ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದುವುದೂ ಬೇಡ. ಮಕ್ಕಳಿಗೆ ಒಂದೆರಡು ಮಾತು ಅರ್ಥ ಆಗದಿದ್ದರೆ ಮೇಷ್ಟ್ರನ್ನು ಕೇಳುತ್ತಾರೆ.

ಮೊದಲ ಮಾದರಿಗೆ ಇಷ್ಟು ಮಾಡಿ: ಒಬ್ಬರು ಹಾಡುವವರು, ನಾಲ್ಕು ಬೆಟ್ಟದ ಅಂಚು, ಚಾಚಿದ ಒಂದು ಕೈ. ಎಂಟು ನಿಮಿಷ ಸಾಕು. ಆದ ಮೇಲೆ ಅದನ್ನು ಮಾದಪ್ಪನ ಬೆಟ್ಟಕ್ಕೆ ತೆಗೆದುಕೊಂಡು ಹೋಗಿ ಹಾಡಿದವರಿಗೇ ಮೊದಲು ತೋರಿಸಿ. ಶಿವರಾತ್ರಿ, ಯುಗಾದಿ, ದೀಪಾವಳಿ ಜಾತ್ರೆಯಲ್ಲಿ ಹೋಗಬೇಡಿ, ಅಮಾವಾಸ್ಯೆಯ ಆಸುಪಾಸೂ ಬೇಡ, ಅವರಿಗೆ ಪುರುಸೊತ್ತು ಇರುವುದಿಲ್ಲ. ವಾರದ ನಡುವೆ ಮಾಮೂಲಿ ದಿನ ನೋಡಿ. ಪವರ್ ಬ್ಯಾಂಕ್ ಮರೆಯಬೇಡಿ, ಹೆಡ್‌ಸೆಟ್‌ನ ಚಾರ್ಜ್ ಎರಡು ಗಂಟೆಯ ಮೇಲೆ ಹೆಚ್ಚು ಹೊತ್ತು ಬರಲ್ಲ, ಅಲ್ಲಿ ನೋಡಲು ಕಾಯುವವರು ಒಬ್ಬಿಬ್ಬರು ಇರುವುದಿಲ್ಲ.